ಮಿಂಚುಳ್ಳಿ ಬರ್ತಾಳೆ

ಈ ಸಲ ಏನೇ ಆಗಲಿ, ಆಕಾಶ ಕಳಚಿ ಬೀಳಲಿ, ಹೆಂಡತಿಯ ಪಕ್ಕದಲ್ಲಿ ಅರ್ಧ ಗಂಟೆ ಕೂತೇ ತೀರುತ್ತೇನೆ ಎಂದು ಅನೌನ್ಸರ್ ಕನ್ನಡಿಯ ಮುಂದೆ ನಿಂತು ಶಪಥ ಮಾಡಿದ. ಬಾಯಲ್ಲಿ ಬ್ರಷ್ಷು ಇದ್ದುದರಿಂದ ಶಪಥದ ಅರ್ಧ ಭಾಗ ನೊರೆಯಾಗಿ ಬೇಸಿನ್ನಿಗೆ ಇಳಿಯಿತು. ಆದರೂ ಶಪಥ ಶಪಥವೇ! ಹಾಡಹಗಲಿನಲ್ಲಿ, ಇಬ್ಬರೂ ಎಚ್ಚರವಾಗಿರುವಾಗ, ಒಂದೇ ಬೆಂಚಿನ ಮೇಲೆ, ಅಕ್ಕಪಕ್ಕ. ರಾಜ್ಯ ಗೆಲ್ಲಲು ಹೊರಟವರೂ ಇಷ್ಟೊಂದು ಷರತ್ತು ಹಾಕಿಕೊಂಡಿರಲಿಕ್ಕಿಲ್ಲ.

ಹೆಂಡತಿಯ ಪಕ್ಕ ಕೂರಲಿಕ್ಕೂ ಶಪಥ ಬೇಕೇ ಎಂದು ನೀವು ನಗಬಹುದು. ನಗಿ, ನಿಮಗೇನು. ನಿಮ್ಮ ಮನೆಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಉಣ್ಣುತ್ತೀರಿ, ಒಂದೇ ಹೊತ್ತಿಗೆ ಜಗಳವಾಡುತ್ತೀರಿ. ಅನೌನ್ಸರನ ಮನೆಯಲ್ಲಿ ಜಗಳಕ್ಕೂ ಪಾಳಿ. ಬೆಳಗ್ಗೆ ಅವಳು ಶುರು ಮಾಡಿದ್ದನ್ನು ಅವನು ಸಂಜೆ ಖಾಲಿ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಮುಗಿಸಬೇಕು. ಅವನದು ರೈಲ್ವೆ ಸ್ಟೇಷನ್ನಿನಲ್ಲಿ ಹಗಲು ಕೆಲಸ. ಮೈಕಿನ ಮುಂದೆ ಕೂತು ಯಾವ ಗಾಡಿ ಎಲ್ಲಿಗೆ, ಎಷ್ಟು ತಡ ಎಂದು ಸಾರುವವನು. ಅವಳು ಪಕ್ಕದ ಊರಿನ ದೊಡ್ಡಾಸ್ಪತ್ರೆಯಲ್ಲಿ ನರ್ಸು, ಅದೂ ರಾತ್ರಿ ಪಾಳಿ. ಅವಳು ಬೆಳಗಿನ ಗಾಡಿ ಇಳಿದು ಮನೆ ಬಾಗಿಲಿಗೆ ಬರುವಾಗ ಇವನು ಚಪ್ಪಲಿ ಮೆಟ್ಟುತ್ತಿರುತ್ತಾನೆ. ಇವನು ಸಂಜೆ ಬಾಗಿಲು ತೆಗೆಯುವಾಗ ಅವಳು ಹೊರಟುಹೋಗಿರುತ್ತಾಳೆ. ಇಬ್ಬರೇ ಇರುವ ಮನೆ; ಒಂದು ಹೊತ್ತಿಗೆ ಒಬ್ಬರೇ.

ಅದಕ್ಕಿಂತ ದೊಡ್ಡ ತಮಾಷೆ ಎಂದರೆ ಅವಳ ಸಂಜೆಯ ಗಾಡಿಯನ್ನು ಸಾರುವವನೂ ಇವನೇ. "ಗಾಡಿ ಈಗ ಹೊರಡಲಿದೆ" ಎಂದು ದಿನಾ ಸ್ವಂತ ಹೆಂಡತಿಯನ್ನು ಸ್ವಂತ ಬಾಯಿಂದ ಊರಾಚೆ ಕಳಿಸುವ ಗಂಡ ಲೋಕದಲ್ಲಿ ಇನ್ನೊಬ್ಬನಿರಲಾರ. ಅವನ ಕೋಣೆಗೆ ಕಿಟಕಿಯಿಲ್ಲ, ಆದ್ದರಿಂದ ಗಾಡಿಯೂ ಕಾಣುವುದಿಲ್ಲ, ಅವಳೂ ಕಾಣುವುದಿಲ್ಲ.

ಇನ್ನು ಅವರ ದಾಂಪತ್ಯವೆಲ್ಲ ಹೊಸ್ತಿಲ ಮೇಲೆ, ಒಬ್ಬರ ಚಪ್ಪಲಿ ಒಳಗೆ, ಒಬ್ಬರದು ಹೊರಗೆ ಇರುವಾಗ ನಡೆಯುತ್ತಿತ್ತು.

"ಹಾಲು?"

"ಕಾಯಿಸಿಟ್ಟಿದ್ದೀನಿ."

"ನಲ್ಲಿ ರಿಪೇರಿಯವನು?"

"ನಾಳೆ ಅಂದಿದ್ದಾನೆ."

"ಅವನು ನಾಳೆ ಅನ್ನೋಕೆ ಶುರು ಮಾಡಿದಾಗ ನಲ್ಲಿ ತೊಟ್ಟಿಕ್ಕುತ್ತಿತ್ತು. ಈಗ ಸುರೀತಾ ಇದೆ."

ಇಷ್ಟಾದರೆ ಆ ದಿನದ ಸಂಸಾರ ಮುಗಿಯಿತು. ಅವನಿಗೆ ರಜೆಯಿದ್ದ ದಿನ ಅವಳು ಮಧ್ಯಾಹ್ನದವರೆಗೆ ಮಲಗುತ್ತಾಳೆ. ಎದ್ದಮೇಲೆ ಬಟ್ಟೆ, ಅಡುಗೆ, ಗಡಿಬಿಡಿ, ಮತ್ತೆ ಗಾಡಿ. ಅವಳಿಗೆ ರಜೆಯಿದ್ದ ದಿನ ಇವನು ಮೈಕಿನ ಮುಂದೆ; ಇವನು ಮನೆಗೆ ಬರುವ ಹೊತ್ತಿಗೆ ಅವಳು ವಾರದ ಬಾಕಿ ನಿದ್ದೆಯಲ್ಲಿ. ಮದುವೆಯಾದ ಹೊಸತರಲ್ಲಿ, ಅವಳು ಮನೆಯಲ್ಲಿ ಸರ‍್ರನೆ ಬಂದು ಸರ‍್ರನೆ ಹೋಗುವ ಚೆಂದಕ್ಕೆ ಇವನು ಇಟ್ಟ ಮುದ್ದಿನ ಹೆಸರು 'ಮಿಂಚುಳ್ಳಿ'. ಆ ಹಕ್ಕಿಯನ್ನು ಇವನು ಜನ್ಮದಲ್ಲಿ ನೋಡಿದವನಲ್ಲ. ಹೆಸರಲ್ಲಿ ಮಿಂಚು ಇದೆಯಲ್ಲ, ಹಕ್ಕಿಯೂ ಹಾಗೇ ಇರಬೇಕು ಎಂದು ಅಂದಾಜು. ಈಗ ಹೆಸರು ಪೂರ್ತಿ ನಿಜವಾಗಿತ್ತು. ಕಂಡಷ್ಟೇ ಬೇಗ ಮಾಯ.

ಸ್ಟೇಷನ್ನಿಗೂ ಮನೆಗೂ ನಡುವೆ ಒಂದು ಪಾರ್ಕು. ಪಾರ್ಕು ಎನ್ನುವುದು ನಗರಸಭೆಯ ಧಾರಾಳ. ಎರಡು ಜಮಖಾನೆ ಹಾಸಿದರೆ ಮುಚ್ಚಿಹೋಗುವಷ್ಟು ಜಾಗ. ಒಂದು ಅತ್ತಿಮರ, ಸೊಂಟದೆತ್ತರದ ಬೇಲಿಗಿಡ, ನಾಲ್ಕಾರು ಬೆಂಚು, ಕುಡಿಯುವ ನೀರಿನ ಒಂದು ನಲ್ಲಿ. ಒಂದು ರಜೆಯ ಬೆಳಗ್ಗೆ ಅನೌನ್ಸರ್ ಅಲ್ಲಿ ಕೂತು ಗೇಟನ್ನೇ ನೋಡುತ್ತಿದ್ದ. ಹೆಂಡತಿ ಆ ದಾರಿಯಲ್ಲೇ ಬರುವವಳು, ಕಂಡರೆ ಕರೆಯೋಣ ಎಂದು. ವಾಚ್‌ಮನ್ ಬಂದು ಮುಂದೆ ನಿಂತ.

"ಯಾರಿಗೆ ಕಾಯ್ತಿದ್ದೀರಿ?"

"ಹೆಂಡತಿಗೆ."

ವಾಚ್‌ಮನ್ ಇವನನ್ನು ಮೇಲಿಂದ ಕೆಳಗೆ ಅಳೆದ. "ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಬಹಳ ವರ್ಷ ಆಯ್ತು."

"ಮತ್ತೆ ಪಾರ್ಕಲ್ಲಿ ಯಾಕೆ ಕಾಯ್ತೀರಿ? ಹಾಗೆ ಯಾರೂ ಕಾಯಲ್ಲ ಸ್ವಾಮಿ. ನಿಜ ಹೇಳಿ."

ನಿಜ ಹೇಳಿ ಸೋತ ಅನೌನ್ಸರ್ ಕೈ ಮೇಲೆತ್ತಿ ಮರದ ಮೇಲಿದ್ದ ಒಂದು ಕಾಗೆಯನ್ನು ತೋರಿಸಿ, "ಹಕ್ಕಿ ನೋಡ್ತಿದ್ದೀನಿ" ಎಂದ. ಅಷ್ಟು ಹೇಳಿದ್ದೇ ತಪ್ಪಾಯಿತು. ಬೇಲಿಗಿಡದ ಹಿಂದಿನಿಂದ ಮೊದಲು ಒಂದು ಟೋಪಿ, ಆಮೇಲೆ ಒಂದು ದುರ್ಬೀನು, ಆಮೇಲೆ ಅದರ ಹಿಂದೆ ಹಲ್ಲಿನ ಡಾಕ್ಟರು ಎದ್ದು ಬಂದರು. "ನೀವೂ ನಮ್ಮವರೇ ಹಾಗಾದ್ರೆ" ಎಂದು ಎರಡೂ ಕೈ ಹಿಡಿದುಕೊಂಡರು. ಅದೇ ಹೊತ್ತಿಗೆ ಹೆಂಡತಿ ಅರೆಗಣ್ಣಿನಲ್ಲಿ ನಡೆಯುತ್ತ ಇವರ ಮುಂದೆಯೇ ಹಾದು ಮನೆಗೆ ಹೋದಳು. ಕೈ ಡಾಕ್ಟರ ಕೈಯಲ್ಲಿದ್ದುದರಿಂದ ಬೀಸಲೂ ಆಗಲಿಲ್ಲ.

ಹೀಗೆ ಅನೌನ್ಸರ್ 'ಪಾರ್ಕಿನ ಪಕ್ಷಿ ಬಳಗ'ದ ಸದಸ್ಯನಾದ. ಬಳಗದ ಅಧ್ಯಕ್ಷರು ಹಲ್ಲಿನ ಡಾಕ್ಟರೇ. ದಿನವಿಡೀ ಕಂಡವರ ಬಾಯಿ ತೆರೆಸುವ ಅವರು ಬೆಳಗ್ಗೆ ಮಾತ್ರ ತಮ್ಮ ಬಾಯಿ ತೆರೆದುಕೊಂಡು ಮರ ನೋಡುತ್ತಿದ್ದರು. ಅವರಿಗೆ ಬಲಗೈಯಂತಿದ್ದವರು ಟೈಲರಮ್ಮ. ಹಕ್ಕಿಯ ಬಣ್ಣವನ್ನೆಲ್ಲ ಬಟ್ಟೆಯ ಲೆಕ್ಕದಲ್ಲೇ ಹೇಳುವವರು. ಉಳಿದವರು ಬೇಲಿಯ ಹಿಂದೆ ಬಗ್ಗಿಯೇ ಇರುತ್ತಿದ್ದುದರಿಂದ ಅವರ ಬೆನ್ನಿನ ಪರಿಚಯ ಮಾತ್ರ ಆಯಿತು. ಪಾಪ, ಅವರ ಪಾಡೂ ಇವನ ಪಾಡೇ. ಆ ಪಾರ್ಕಿಗೆ ಬರುತ್ತಿದ್ದುದು ಕಾಗೆ, ಪಾರಿವಾಳ, ಗುಬ್ಬಿ. ಮತ್ತೆ ಕಾಗೆ. ಒಂದೇ ಒಂದು ಹೊಸ ಹಕ್ಕಿ ಬರಲಿ ಎಂದು ಅವರು ವರ್ಷಗಟ್ಟಲೆ ಕತ್ತು ಚಾಚಿ ಕಾಯುತ್ತಿದ್ದರು. "ಸಾಯೋದ್ರೊಳಗೆ ಒಂದ್ಸಲ ಈ ಮರದ ಮೇಲೆ ಒಂದು ಮಿಂಚುಳ್ಳಿ ನೋಡ್ಬೇಕು" ಎಂದು ಡಾಕ್ಟರು ಹೇಳಿದಾಗ ಟೈಲರಮ್ಮ, "ಆ ನೀಲಿ ಯಾವ ಅಂಗಡೀಲೂ ಸಿಗಲ್ಲ" ಎಂದು ನಿಟ್ಟುಸಿರು ಬಿಟ್ಟರು. ಅನೌನ್ಸರ್ ಇಬ್ಬರಿಗಿಂತ ದೊಡ್ಡ ನಿಟ್ಟುಸಿರು ಬಿಟ್ಟ. ಇವನ ತಳಮಳ ನೋಡಿ ಡಾಕ್ಟರಿಗೆ ಬಹಳ ಗೌರವ ಬಂತು.

ಇವನ ಕಂಠ ಚೆನ್ನಾಗಿದೆಯೆಂದು ಬಳಗದ ಫೋನ್ ಗುಂಪಿನಲ್ಲಿ ಸುದ್ದಿ ಹೇಳುವ ಕೆಲಸ ಇವನಿಗೇ ಬಂತು. "ಸದಸ್ಯರು ಗಮನಿಸಿ. ಇಂದು ಅತ್ತಿಮರದಲ್ಲಿ ಎರಡು ಕಾಗೆಗಳು ಕಂಡುಬಂದಿವೆ" ಎಂದು ಇವನು ಸಾರಿದರೆ ಆ ಕಾಗೆಗಳಿಗೂ ಒಂದು ಘನತೆ ಬರುತ್ತಿತ್ತು.

ಇತ್ತ ಶಪಥದ ಕಥೆಗೆ ಬರೋಣ. ಒಂದು ಬೆಳಗ್ಗೆ ಹೊಸ್ತಿಲ ಮೇಲೆ ಧೈರ್ಯ ಮಾಡಿ ಕೇಳಿಯೇಬಿಟ್ಟ.

"ನನ್ನ ರಜೆ ದಿನ, ಬರೋವಾಗ ಪಾರ್ಕಲ್ಲಿ ಅರ್ಧ ಗಂಟೆ ಕೂರೋಣ್ವಾ?"

"ಯಾಕೆ?"

"ಮಾತಾಡೋಕೆ."

ಅವಳು ಚೀಲ ಕೆಳಗಿಟ್ಟು ಇವನ ಹಣೆ ಮುಟ್ಟಿದಳು, ಮಣಿಕಟ್ಟು ಹಿಡಿದು ನಾಡಿ ನೋಡಿದಳು. "ಏನಾಗಿದೆ ಹೇಳಿ, ಮುಚ್ಚಿಡಬೇಡಿ."

"ಏನೂ ಆಗಿಲ್ಲ ಕಣೇ. ಏನೂ ಆಗಿಲ್ಲ ಅಂತಾನೇ ಮಾತಾಡೋಣ ಅಂತ."

ಅವಳು ಸ್ವಲ್ಪ ಹೊತ್ತು ಮುಖ ನೋಡಿದಳು. ಕೈ ಇನ್ನೂ ಮಣಿಕಟ್ಟಿನ ಮೇಲೇ ಇತ್ತು. "ಕೂತರೆ ನನಗೆ ನಿದ್ದೆ ಬಂದ್ಬಿಡುತ್ತೆ ರೀ."

"ಬರಲಿ. ಆ ಬೆಂಚಿಗೆ ಒರಗೋಕೆ ಬೆನ್ನಿದೆ. ಅತ್ತಿಮರದ ಕೆಳಗಿನದು."

"ಆಯ್ತು" ಎಂದಳು. ಅನೌನ್ಸರ್ ಆ ದಿನ ಸಾರಿದ ಗಾಡಿಗಳೆಲ್ಲ ಹಾಡಿನಂತೆ ಕೇಳಿದವು ಎಂದು ಪ್ಲಾಟ್‌ಫಾರಮ್ಮಿನಲ್ಲಿ ಮಾತಾಯಿತು.

ರಜೆಯ ಹಿಂದಿನ ಸಂಜೆ ಬಂತು. ಅವಳ ಗಾಡಿಯನ್ನು ಕಳಿಸಿದ್ದಾಯಿತು. ಅವಳು ಮರೆತರೆ ಏನು ಗತಿ ಎಂಬ ದಿಗಿಲು ಹತ್ತಿತು. ನೆನಪು ಮಾಡೋಣ, ಆದರೆ ಗಂಡನಂತೆ ಗೋಗರೆಯುವುದು ಬೇಡ, ಕೇಳಿ ನಗಲಿ ಎಂದು ರೆಕಾರ್ಡ್ ಒತ್ತಿದ ಫೋನು ಬಾಯಿಗೆ ಹಿಡಿದು, ಕಸುಬಿನ ಗತ್ತಿನಲ್ಲೇ ಸಾರಿದ: "ದಯವಿಟ್ಟು ಗಮನಿಸಿ. ಬಹುದಿನಗಳಿಂದ ತಡವಾಗಿದ್ದ ಮಿಂಚುಳ್ಳಿ ನಾಳೆ ಬೆಳಗ್ಗೆ ನಮ್ಮ ಪಾರ್ಕಿಗೆ ಬರ್ತಾಳೆ. ಅತ್ತಿಮರದ ಕೆಳಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂರ್ತಾಳೆ. ಈ ಕಾರ್ಯಕ್ರಮದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ."

ಕಳಿಸಿದ. ಆಮೇಲೆ, ಸ್ಟೇಷನ್ ಮಾಸ್ಟರು ಫೋನ್ ಮಾಡಿ ರಜೆ ಕಿತ್ತುಕೊಂಡರೆ ಎಂದು ಹೆದರಿ ಫೋನು ಪೂರ್ತಿ ಆರಿಸಿಟ್ಟ. ಬುದ್ಧಿವಂತಿಕೆಯ ಪರಮಾವಧಿ! ಮನೆಗೆ ಹೋಗಿ ನೀಲಿ ಅಂಗಿಗೆ ಇಸ್ತ್ರಿ ಹಾಕಿದ. ಫ್ಲಾಸ್ಕು ತೊಳೆದ. ಬೆಳಗ್ಗೆ ಅದರಲ್ಲಿ ಚಹಾ ತುಂಬಿಕೊಂಡು, ಬೆಂಚು ಒರೆಸಲು ಒಂದು ಹಳೆ ಟವೆಲ್ಲನ್ನೂ ಹಿಡಿದು ಪಾರ್ಕಿಗೆ ಹೊರಟ.

ಗೇಟಿನ ಹತ್ತಿರ ವಾಚ್‌ಮನ್ ಬೆರಳು ತುಟಿಯ ಮೇಲಿಟ್ಟು ನಿಂತಿದ್ದ. "ಚಪ್ಪಲಿ ಸದ್ದು ಮಾಡಬೇಡಿ. ಒಳಗೆ ದೊಡ್ಡ ಕೆಲಸ ನಡೀತಿದೆ."

ಒಳಗೆ ನೋಡಿದರೆ ಬೇಲಿಗಿಡದ ಉದ್ದಕ್ಕೂ ಬೆನ್ನುಗಳು. ಇಡೀ ಬಳಗ ಹಾಜರ್. ಬಳಗದವರ ನೆಂಟರು ಹಾಜರ್. ಕ್ಯಾಮೆರಾಗಳು ಮೂರು ಕಾಲಿನ ಮೇಲೆ ನಿಂತಿವೆ. ಬೆಂಚಿನ ಮುಂದೆ ಒಂದು ದೊಡ್ಡ ನೀಲಿ ಪ್ಲಾಸ್ಟಿಕ್ ಟಬ್ಬು, ಅದರ ತುಂಬ ನೀರು, ನೀರಿನಲ್ಲಿ ಮೀನು. ಡಾಕ್ಟರು ತೆವಳಿಕೊಂಡೇ ಬಂದು ಇವನನ್ನು ಅಪ್ಪಿಕೊಂಡರು. ಕಣ್ಣು ಕೆಂಪಾಗಿತ್ತು.

"ನನಗೆ ನಿದ್ದೇನೇ ಬರ್ಲಿಲ್ಲ" ಎಂದು ಪಿಸುಗುಟ್ಟಿದರು. "ಕೆರೆಯಿಲ್ಲದ ಪಾರ್ಕಿಗೆ ಮೀನು ಹಿಡಿಯೋ ಮಿಂಚುಳ್ಳಿ ಬರುತ್ತೆ ಅಂದ್ರೆ ಹುಡುಗಾಟ ಅಲ್ಲ. ಬಂದದ್ದು ನಿಲ್ಲಬೇಕಲ್ಲ, ಅದಕ್ಕೇ ಟೈಲರಮ್ಮ ಟಬ್ಬು ತಂದ್ರು. ಮೀನು ನಮ್ಮ ಕ್ಲಿನಿಕ್ಕಿಂದು. ಪೇಷಂಟುಗಳು ಹೆದರದೆ ಇರ್ಲಿ ಅಂತ ಸಾಕಿದ್ದೆ. ಹೋಗ್ಲಿ, ಒಂದೊಳ್ಳೆ ಕೆಲಸಕ್ಕೆ ಹೋಗುತ್ತೆ."

ಅನೌನ್ಸರ್ ಫೋನು ಹೊತ್ತಿಸಿ ನೋಡಿದ. ಪ್ರಕಟಣೆ ಹೋಗಿದ್ದು ಹೆಂಡತಿಗಲ್ಲ, ಬಳಗಕ್ಕೆ. ಪರದೆಯ ಮೇಲೆ ಎರಡು ಹೆಸರೂ ಒಂದರ ಕೆಳಗೊಂದು ಇದ್ದವು. ಹೆಬ್ಬೆರಳು ಒಂದು ಮೆಟ್ಟಿಲು ಮೇಲೆ ಬಿದ್ದಿತ್ತು. ಪ್ರಕಟಣೆಯ ಕೆಳಗೆ ಬಳಗದವರ ಜಯಕಾರಗಳ ಸಾಲು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ" ಎಂದರು ಡಾಕ್ಟರು. "ನೀವು 'ಬರ್ತಾಳೆ' ಅಂದ್ರಲ್ಲ, ಅದು ಹೆಣ್ಣು ಅಂತ ಹೇಗೆ ಗುರುತು ಹಿಡಿದ್ರಿ? ಹೆಣ್ಣಿಗಾದ್ರೆ ಕೊಕ್ಕಿನ ಕೆಳಗಿನ ಭಾಗ ಕೆಂಪು ಇರ್ಬೇಕು. ಕೆಂಪು ಇತ್ತಾ?"

ಅನೌನ್ಸರ್ ನೆನಪು ಮಾಡಿಕೊಂಡ. "ಮದುವೆಮನೆಗೆ ಹೋಗೋವಾಗ ಮಾತ್ರ ಇರುತ್ತೆ" ಎಂದ.

ಡಾಕ್ಟರಿಗೆ ಅದು ಹಕ್ಕಿಗಳು ಜೋಡಿಯಾಗುವ ಕಾಲದ ವಿಚಾರವೆಂದು ತೋರಿತು. "ಆಹಾ, ಈ ವಿಷಯ ನಾನು ಎಲ್ಲೂ ಓದಿರ್ಲಿಲ್ಲ" ಎಂದು ತಲೆದೂಗಿದರು.

ನಿಜ ಹೇಳಿಬಿಡಬೇಕಿತ್ತು, ಅದು ಅವನಿಗೂ ಗೊತ್ತು. ಆದರೆ ಹೇಗೆ ಹೇಳುವುದು? ಊರವರ ಮುಂದೆ, ಮುದ್ದಿನ ಹೆಸರು ನನ್ನ ಹೆಂಡತಿಯದು, ಅವಳ ಜೊತೆ ಕೂರುವ ಆಸೆಗೆ ಹೀಗಾಯಿತು ಎನ್ನುವುದೇ? ವಾಚ್‌ಮನ್ ಆಗಲೇ ಒಮ್ಮೆ ನಂಬದೆ ಮೇಲಿಂದ ಕೆಳಗೆ ನೋಡಿದ್ದ. ಅವಳಿಗೆ ಫೋನ್ ಮಾಡಿ ಬೇರೆ ದಾರಿಯಲ್ಲಿ ಬಾ ಎನ್ನೋಣವೆಂದರೆ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಅವಳ ಫೋನೂ ಅವಳಂತೆಯೇ ಪೂರ್ತಿ ಬಸವಳಿದು ಆರಿಹೋಗಿರುತ್ತದೆ. ಗೇಟಿಗೆ ಓಡೋಣವೆಂದರೆ ಡಾಕ್ಟರು ಅಂಗಿ ಬಿಡಲಿಲ್ಲ. "ನೀವೊಬ್ರೇ ಅದನ್ನ ಕಣ್ಣಾರೆ ಕಂಡವರು. ಎಲ್ಲೂ ಹೋಗೋ ಹಾಗಿಲ್ಲ" ಎಂದು ಬೇಲಿಯ ಹಿಂದೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಇಸ್ತ್ರಿಯ ಅಂಗಿ ಮಣ್ಣಾಯಿತು. ಊರಿಗೆಲ್ಲ ಕೇಳುವಂತೆ ಕೂಗುವ ಕಸುಬಿನವನು ಉಸಿರೂ ಕೇಳದಂತೆ ಮುದುರಿ ಕೂತ.

ಅವಳು ಬಂದಳು.

ಭುಜದ ಮೇಲೆ ಚೀಲ, ಕಾಲಲ್ಲಿ ರಾತ್ರಿಯೆಲ್ಲ ಓಡಾಡಿದ ಬೂಟು, ಕಣ್ಣಲ್ಲಿ ಅರ್ಧ ನಿದ್ದೆ. ಯಾರೂ ನೆನಪು ಮಾಡಬೇಕಾಗಿರಲಿಲ್ಲ. ನೆಟ್ಟಗೆ ಅತ್ತಿಮರದ ಬೆಂಚಿಗೇ ಬಂದು ಕೂತಳು. ಸುತ್ತ ಕಣ್ಣಾಡಿಸಿದಳು. ಚೀಲದಿಂದ ಕರವಸ್ತ್ರ ತೆಗೆದು ಬೆಂಚಿನ ಖಾಲಿ ಭಾಗವನ್ನು ಒರೆಸಿದಳು. ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. ಗೇಟಿನ ಕಡೆ ನೋಡಿದಳು, ಮತ್ತೆ ನೋಡಿದಳು.

ಅನೌನ್ಸರ್ ಎಲೆಗಳ ಸಂದಿನಲ್ಲಿ ಎಲ್ಲವನ್ನೂ ನೋಡುತ್ತಿದ್ದ. ಅವಳಿಗಾಗಿ ತಾನು ಕಾಯುವುದು ಅವನಿಗೆ ರೂಢಿ. ತನಗಾಗಿ ಅವಳು ಕಾಯುವುದನ್ನು ಅವನು ಯಾವತ್ತೂ ನೋಡಿರಲಿಲ್ಲ. ಮಣ್ಣು, ಮೀನು, ಬಳಗ ಎಲ್ಲ ಮರೆತುಹೋಯಿತು.

ಮರೆಯದಿದ್ದವರು ಡಾಕ್ಟರು. "ಯಾರ‍್ರೀ ಈಯಮ್ಮ, ಸರಿಯಾದ ಹೊತ್ತಿಗೆ ಬಂದು ಕೂತ್ರಲ್ಲ. ಯಾರಾದ್ರೂ ಎಬ್ಬಿಸ್ರೀ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಅಷ್ಟರಲ್ಲಿ ಅವಳ ಕಣ್ಣಿಗೆ ಟಬ್ಬು ಬಿತ್ತು. ತಿಳಿನೀರು, ಸರಿಯಾಗಿ ಬೆಂಚಿನ ಮುಂದೆ, ಕಾಲಿಗೆ ಎಟುಕುವಂತೆ. ಅವಳ ಮುಖದ ಮೇಲೆ ಒಂದು ನಗು ಹರಡಿತು. ಇದು ಗಂಡನದೇ ಏರ್ಪಾಟು ಎಂದು ಅವಳಿಗೆ ಅನುಮಾನವೇ ಬರಲಿಲ್ಲ. ರಾತ್ರಿಯೆಲ್ಲ ನಿಂತು ದುಡಿದ ಹೆಂಡತಿಗೆ ಇನ್ಯಾರು ನೀರು ತುಂಬಿಡುತ್ತಾರೆ? ಬೂಟು ಬಿಚ್ಚಿದಳು, ಕಾಲುಚೀಲ ಬಿಚ್ಚಿದಳು, ಎರಡೂ ಪಾದಗಳನ್ನು ಮೆಲ್ಲಗೆ ಟಬ್ಬಿಗೆ ಇಳಿಬಿಟ್ಟು ಕಣ್ಣು ಮುಚ್ಚಿಕೊಂಡಳು.

ಬೇಲಿಯ ಹಿಂದೆ ಹಾಹಾಕಾರವೆದ್ದಿತು, ಪಿಸುದನಿಯಲ್ಲೇ.

"ನನ್ನ ಮೀನು" ಎಂದರು ಡಾಕ್ಟರು.

"ನನ್ನ ಟಬ್ಬು" ಎಂದರು ಟೈಲರಮ್ಮ.

"ನಾನೇ ಹೋಗಿ ಎಬ್ಬಿಸ್ತೀನಿ, ಮಿಂಚುಳ್ಳಿ ಬರೋ ಹೊತ್ತಾಯ್ತು" ಎಂದು ಡಾಕ್ಟರು ಮಂಡಿಯೂರಿ ಏಳುತ್ತಿದ್ದಂತೆ ಅನೌನ್ಸರ್ ಅವರ ತೋಳು ಹಿಡಿದ.

"ಬೇಡ ಡಾಕ್ಟ್ರೇ. ಮಿಂಚುಳ್ಳಿ ಬಂದಾಯ್ತು."

"ಎಲ್ಲಿ?" ಎಂದು ಅಷ್ಟೂ ದುರ್ಬೀನುಗಳು ಮರಕ್ಕೆ ಏರಿದವು.

"ಮರದ ಮೇಲಲ್ಲ. ಬೆಂಚಿನ ಮೇಲೆ."

"ಬೆಂಚಿನ ಮೇಲೆ ಯಾರೋ ಹೆಂಗಸು ಕೂತಿದ್ದಾರೆ."

"ಯಾರೋ ಅಲ್ಲ. ನನ್ನ ಹೆಂಡ್ತಿ. ಮನೇಲಿ ನಾನು ಕರೆಯೋ ಹೆಸರು ಅದು."

ಡಾಕ್ಟರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅಷ್ಟು ದೊಡ್ಡದಾಗಿ ಅವರ ಪೇಷಂಟುಗಳೂ ತೆರೆದಿರಲಿಕ್ಕಿಲ್ಲ. "ಮತ್ತೆ ಮಿಂಚುಳ್ಳಿ ಬರುತ್ತೆ ಅಂತ ಸಾರಿದ್ರಿ?"

"ಬರುತ್ತೆ ಅನ್ಲಿಲ್ಲ ಡಾಕ್ಟ್ರೇ. ಬರ್ತಾಳೆ ಅಂದೆ. ಕೂರುತ್ತೆ ಅನ್ಲಿಲ್ಲ, ಕೂರ್ತಾಳೆ ಅಂದೆ" ಎಂದು ಅನೌನ್ಸರ್ ವ್ಯಾಕರಣದ ಹಿಂದೆ ಅಡಗಲು ನೋಡಿದ. ಅಲ್ಲಿ ಅಡಗಲು ಜಾಗ ಸಾಲಲಿಲ್ಲ. "ಅವಳಿಗೆ ಕಳಿಸಿದ್ದು ನಿಮಗೆ ಬಂತು. ತಪ್ಪಾಯ್ತು. ನಾವಿಬ್ರೂ ಒಟ್ಟಿಗೆ ಕೂತು ಬಹಳ ಕಾಲ ಆಯ್ತು. ಅರ್ಧ ಗಂಟೆ ಕೂರೋಣ ಅಂತ ಅಷ್ಟೇ."

ಡಾಕ್ಟರು ದುರ್ಬೀನನ್ನು ಮೆಲ್ಲಗೆ ಅದರ ಚೀಲಕ್ಕೆ ಇಳಿಸಿದರು. ವರ್ಷಗಳ ಆಸೆಯೊಂದು ಅಷ್ಟು ಹತ್ತಿರ ಬಂದು ಹೋದ ಮುಖ ಅದು, ಅನೌನ್ಸರನಿಗೆ ನೋಡಲಾಗಲಿಲ್ಲ. ಟೈಲರಮ್ಮ ಮಾತ್ರ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಬೆಂಚಿನ ಕಡೆಯೇ ನೋಡುತ್ತ, "ನಮ್ಮೆಜಮಾನ್ರು ನನ್ನನ್ನ ಕರೆಯೋದು 'ಏಯ್' ಅಂತ" ಎಂದರು. ಇವನ ಕಡೆ ತಿರುಗಿ, "ಹೋಗಿ, ಯಾಕೆ ಇನ್ನೂ ಇಲ್ಲಿ ಕೂತಿದ್ದೀರಿ" ಎಂದು ಗದರಿದರು.

ಅನೌನ್ಸರ್ ಅಂಗಿಯ ಮಣ್ಣು ಕೊಡವಿ, ಫ್ಲಾಸ್ಕು ಎತ್ತಿಕೊಂಡು ಬೇಲಿ ದಾಟಿ ಹೋದ. ಅವಳು ಒರೆಸಿಟ್ಟಿದ್ದ ಜಾಗದಲ್ಲೇ ಕೂತ. ಶಪಥ ಗೆದ್ದಿತು! ಎಷ್ಟೊಂದು ಮಾತು ಕೂಡಿಟ್ಟುಕೊಂಡು ಬಂದಿದ್ದ. ನಲ್ಲಿಯ ಮಾತು ಎತ್ತಬಾರದು, ಹಾಲಿನ ಮಾತು ಎತ್ತಬಾರದು ಎಂದು ತೀರ್ಮಾನಿಸಿಕೊಂಡಿದ್ದ. ಗಂಟಲು ಸರಿಮಾಡಿಕೊಂಡು ಅವಳ ಕಡೆ ತಿರುಗಿದ.

ಅವಳು ನಿದ್ದೆ ಹೋಗಿದ್ದಳು. ಎರಡೂ ಕಾಲು ನೀರಿನಲ್ಲಿ, ಮೀನುಗಳು ಹಿಮ್ಮಡಿಯ ಸುತ್ತ. ತಲೆ ವಾಲಿ ವಾಲಿ, ಕೊನೆಗೆ ಇವನ ಭುಜದ ಮೇಲೆ ಬಂದು ನಿಂತಿತು.

ಇಂಥ ಸಂದರ್ಭದಲ್ಲಿ ಬೇರೆ ಯಾವ ಗುಂಪಾದರೂ ನಕ್ಕು, ಫೋಟೋ ತೆಗೆದು, ಗದ್ದಲವೆಬ್ಬಿಸುತ್ತಿತ್ತು. ಆದರೆ ಇವರು ಹಕ್ಕಿ ನೋಡುವವರು. ಬಂದು ಕೂತದ್ದನ್ನು ಎಬ್ಬಿಸಬಾರದು ಎನ್ನುವುದೊಂದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಡಾಕ್ಟರು ಗೇಟಿನ ಹತ್ತಿರ ಹೋಗಿ, ಬೆಳಗಿನ ಓಟಕ್ಕೆ ಬಂದ ಒಬ್ಬ ದಢೂತಿ ಮನುಷ್ಯನನ್ನು ಕೈಸನ್ನೆಯಲ್ಲೇ ವಾಪಸ್ಸು ಕಳಿಸಿದರು. ವಾಚ್‌ಮನ್ ಸೀಟಿ ಊದಲು ಬಾಯಿಗಿಟ್ಟಾಗ ಟೈಲರಮ್ಮ ಅದನ್ನು ಕಿತ್ತು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಅನೌನ್ಸರನ ತೋಳು ಮೊದಲು ಜೋಮುಹಿಡಿಯಿತು, ಆಮೇಲೆ ಇದೆಯೋ ಇಲ್ಲವೋ ಎಂಬುದೇ ತಿಳಿಯದಂತಾಯಿತು. ಅವನು ಅಲುಗಲಿಲ್ಲ. ಅವಳ ಕೂದಲಿನಲ್ಲಿ ಆಸ್ಪತ್ರೆಯ ಔಷಧದ ವಾಸನೆ ಇತ್ತು. ಅದರ ಅಡಿಯಲ್ಲಿ ಅವನಿಗೆ ಗೊತ್ತಿದ್ದ ಹಳೆಯ ವಾಸನೆಯೂ ಇತ್ತು.

ಅವಳು ಕಣ್ಣು ಬಿಟ್ಟಾಗ ಬಿಸಿಲು ಬೆಂಚಿನವರೆಗೆ ಬಂದಿತ್ತು.

"ಅರ್ಧ ಗಂಟೆ ಆಯ್ತಾ?"

"ಆಗಿ ಬಹಳ ಹೊತ್ತಾಯ್ತು."

"ಅಯ್ಯೋ. ಮಾತಾಡ್ಬೇಕು ಅಂದಿದ್ರಲ್ಲ."

"ಮಾತಾಡಿದ್ವಲ್ಲ."

"ನಾನೇನಂದೆ?"

"ನಾನು ಹೇಳಿದ್ದಕ್ಕೆಲ್ಲ ಹೂಂ ಅಂದೆ. ಅಪರೂಪಕ್ಕೆ."

ಅವಳು ನಕ್ಕಳು. ಆಮೇಲೆ ಟಬ್ಬಿನೊಳಗೆ ಬಗ್ಗಿ ನೋಡಿ, "ನೀರು ಸರಿ. ಮೀನು ಯಾಕ್ರೀ?" ಎಂದಳು. ಉತ್ತರ ಕೊಡಲು ಬೇಲಿಯ ಹಿಂದಿನಿಂದ ತಲೆಗಳು ಒಂದೊಂದಾಗಿ ಎದ್ದವು. ಅವಳು ಬೆಚ್ಚಿ ಕಾಲು ಮೇಲೆತ್ತಿಕೊಂಡಳು. ನಡೆದದ್ದನ್ನೆಲ್ಲ ಟೈಲರಮ್ಮ ಒಂದೂ ಬಿಡದೆ ಹೇಳಿದರು. ಅನೌನ್ಸರ್ ಫ್ಲಾಸ್ಕಿನ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತ ಕೂತ. ಹೆಂಡತಿ ಕೇಳಿ ಮುಗಿಸಿ, ಕಿವಿಯವರೆಗೆ ಕೆಂಪಾಗಿ, ಡಾಕ್ಟರನ್ನು ಕೇಳಿದಳು: "ಅದು ಹೇಗಿರುತ್ತೆ ಸಾರ್, ಮಿಂಚುಳ್ಳಿ? ಇವರು ಇಷ್ಟು ವರ್ಷದಿಂದ ಕರೀತಾರೆ, ನಾನು ನೋಡೇ ಇಲ್ಲ."

ಡಾಕ್ಟರ ಮುಖಕ್ಕೆ ಜೀವ ಬಂತು. ಫೋನಿನಲ್ಲಿದ್ದ ಚಿತ್ರ ತೆಗೆದು ತೋರಿಸುತ್ತ ಪಾಠ ಶುರು ಮಾಡಿದರು. "ನೋಡಿ ತಾಯಿ, ಮೈಗೆ ತಲೇನೇ ದೊಡ್ಡದು. ಕತ್ತು ಇಲ್ಲವೇ ಇಲ್ಲ ಅನ್ನಬಹುದು. ಕಾಲು ಗಿಡ್ಡ. ಬಾಲವೂ ಗಿಡ್ಡ. ಕೊಕ್ಕು ಮಾತ್ರ ಇಷ್ಟುದ್ದ. ಗೂಡಿನಲ್ಲಿ ಮೀನಿನ ಮುಳ್ಳು ಕೊಳೆತು ಹತ್ತಿರ ಹೋಗೋಕಾಗಲ್ಲ, ಅಂಥಾ ನಾತ."

ಅವಳು ಚಿತ್ರ ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಚಿತ್ರ ನೋಡಿದಳು.

"ಬಣ್ಣ ಚೆನ್ನಾಗಿದೆಯಲ್ಲ" ಎಂದ ಅನೌನ್ಸರ್, ಪ್ರಾಣ ಕೈಯಲ್ಲಿ ಹಿಡಿದು.

"ಮನೆಗೆ ನಡೀರಿ" ಎಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೇನೋ ಎಂದು ಇವನು ಗಾಬರಿಯಾಗಿ ಬಗ್ಗಿ ನೋಡಿದ, ನಗುತ್ತಿದ್ದಳು.

ಮುಂದಿನ ರಜೆಗೆ ಇವನು ಕೇಳುವ ಧೈರ್ಯ ಮಾಡಿರಲಿಲ್ಲ. ಹೊಸ್ತಿಲ ಮೇಲೆ ಅವಳೇ, "ನಾಳೆ ಪಾರ್ಕಿಗೆ ಬನ್ನಿ. ಡಾಕ್ಟ್ರು ನನಗೆ ಒಂದು ದುರ್ಬೀನು ಕೊಡ್ತೀನಿ ಅಂದಿದ್ದಾರೆ" ಎಂದಳು. ಅನೌನ್ಸರ್ ನೆಲದ ಮೇಲೆ ಕಾಲೂರದೆ ಹೋದ. ಅಕ್ಕಪಕ್ಕ ಕೂತರು. ಅವಳು ಎಚ್ಚರವಾಗಿದ್ದಳು, ಪೂರ್ತಿ ಎಚ್ಚರ. ಎಷ್ಟು ಎಚ್ಚರವೆಂದರೆ ಕೂತ ಗಳಿಗೆಯಿಂದ ದುರ್ಬೀನು ಕಣ್ಣಿನಿಂದ ಇಳಿಸಲಿಲ್ಲ. ಇವನು ಎರಡು ಸಲ ಕೆಮ್ಮಿದ. ಚಹಾ ಬಗ್ಗಿಸಿದ. ಚಹಾ ಆರಿತು.

"ಏನ್ ನೋಡ್ತಿದ್ದೀಯ ಅಷ್ಟೊಂದು? ಕಾಗೆ ತಾನೇ?"

"ಕಾಗೆಯೇ. ಎಷ್ಟು ಆರಾಮಾಗಿ ಕೂತಿದೆ ನೋಡಿ. ನರಳಲ್ಲ, ನೀರು ಕೇಳಲ್ಲ, ಕರೆಗಂಟೆ ಒತ್ತಲ್ಲ. ಬೆಳಕಿನಲ್ಲಿ ಏನನ್ನಾದರೂ ಸುಮ್ನೆ ನೋಡ್ತಾ ಕೂತು ಎಷ್ಟು ಕಾಲ ಆಗಿತ್ತು."

ಅನೌನ್ಸರನಿಗೆ ಕಾಗೆಯ ಮೇಲೆ ಹೊಟ್ಟೆಕಿಚ್ಚಾಯಿತು. "ಈ ಬೆಂಚಿನ ಮೇಲೂ ಒಂದು ಕೂತಿದೆ" ಎಂದ. "ಆಗಿನಿಂದ."

"ಯಾವ ಜಾತಿ?" ಎಂದಳು, ಮರದಿಂದ ಕಣ್ಣು ತೆಗೆಯದೆ.

"ಗಂಡ."

"ಅದು ಮನೇಲೇ ಸಿಗುತ್ತೆ ಬಿಡಿ."

ಹೇಳಿದ್ದು ತಪ್ಪೆಂದು ಹೇಳಿದಮೇಲೆ ಅವಳಿಗೇ ಹೊಳೆಯಿತು. ಮನೆಯಲ್ಲಿ ಸಿಗುವುದೇ ಇಲ್ಲವಲ್ಲ. ಅವಳು ದುರ್ಬೀನನ್ನು ಮರದಿಂದ ಇಳಿಸಿ, ಹಾಗೇ ತಿರುಗಿ, ಅದನ್ನು ಗಂಡನ ಮುಖಕ್ಕೇ ಹಿಡಿದಳು.

"ಬರೀ ಮಸುಕು. ಇಷ್ಟು ಹತ್ತಿರದ್ದು ಇದರಲ್ಲಿ ಕಾಣಲ್ಲ ರೀ. ಸ್ವಲ್ಪ ಆಚೆ ಸರೀರಿ."

ಹತ್ತಿರ ಕೂರಲು ಶಪಥ ಮಾಡಿ, ಊರು ಸೇರಿಸಿ, ಮಾನ ಕಳೆದುಕೊಂಡು ಅಂತೂ ಹತ್ತಿರ ಕೂತಿದ್ದ ಅನೌನ್ಸರ್ ಬೆಂಚಿನ ತುದಿಗೆ ಸರಿದ.

"ಇನ್ನೂ ಆಚೆ."

ಎದ್ದು ಹೋಗಿ ಪಕ್ಕದ ಬೆಂಚಿನ ಮೇಲೆ ಕೂತ. ಹೊಟ್ಟೆ ಒಳಗೆಳೆದುಕೊಂಡು, ಎದೆ ಮುಂದೆ ಮಾಡಿ, ನೆಟ್ಟಗೆ.

"ಹಾಂ, ಈಗ ಕಾಣ್ತಿದ್ದೀರಿ" ಎಂದಳು. ನೋಡಿದಳು, ನೋಡುತ್ತಲೇ ಇದ್ದಳು. ಕೇಳಿದಾಗ ದನಿ ತಗ್ಗಿತ್ತು.

"ರೀ, ನಿಮ್ಮ ಕೂದಲು ಇಷ್ಟೊಂದು ಬೆಳ್ಳಗಾಗಿದ್ದು ಯಾವಾಗ?"

"ನೀನು ಮಲಗಿದ್ದಾಗ" ಎಂದ.